ಸ್ಪಿತಿ ಚಾರಣ: ಹಳ್ಳಿ ಬಿಡಿ, ರಾತ್ರಿ ಬಿಡಬೇಡಿ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಎತ್ತರ 1,930 ಮೀಟರ್. ಅದರ ನೆತ್ತಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ತಂದು ನಿಲ್ಲಿಸಿದರೂ ಹಿಮಾಚಲ ಪ್ರದೇಶದ ಲಾಂಗ್ಜಾ ಎಂಬ ಹಳ್ಳಿಯನ್ನು ಮುಟ್ಟಲು ಐನೂರು ಮೀಟರಿಗೂ ಹೆಚ್ಚು ಕಡಿಮೆ ಬೀಳುತ್ತದೆ. ಅಷ್ಟು ಎತ್ತರದಲ್ಲಿ ಜನ ಬಟಾಣಿ ಬೆಳೆಯುತ್ತಾರೆ, ಬಾರ್ಲಿ ಬಿತ್ತುತ್ತಾರೆ, ಯಾಕ್ ಮೇಯಿಸುತ್ತಾರೆ. ಪಕ್ಕದ ಹಿಕ್ಕಿಂನಲ್ಲಿ 1983ರಿಂದ ಒಂದು ಅಂಚೆ ಕಚೇರಿಯೂ ಇದೆ!

ಲಾಂಗ್ಜಾ, ಹಿಕ್ಕಿಂ, ಕೋಮಿಕ್, ಡೆಮುಲ್, ಲಾಲುಂಗ್, ಧನ್ಕರ್. ಸ್ಪಿತಿ ನದಿಯ ಎಡದಂಡೆಯ ಮೇಲೆ ಒಂದರ ಪಕ್ಕ ಒಂದು ಪೋಣಿಸಿಟ್ಟಂತೆ ಈ ಹಳ್ಳಿಗಳಿವೆ. ಹಗಲು ನಡೆದು, ರಾತ್ರಿ ಹಳ್ಳಿಯವರ ಮನೆಯಲ್ಲೇ ಉಂಡು ಮಲಗಿ, ಬೆಳಿಗ್ಗೆ ಮುಂದಿನ ಹಳ್ಳಿಗೆ ಹೊರಡಬಹುದು. ಗುಡಾರ ಹೊರಬೇಕಿಲ್ಲ, ಹಗ್ಗ ಹಿಡಿದು ಬಂಡೆ ಏರಬೇಕಿಲ್ಲ. ಹಾಗಾಗಿಯೇ ಹೈಸ್ಕೂಲು ಮಕ್ಕಳಿರುವ ಕುಟುಂಬಗಳೂ ಈ ದಾರಿಯತ್ತ ಆಸೆಯಿಂದ ನೋಡುತ್ತವೆ. ಆಸೆ ತಪ್ಪೇನಲ್ಲ. ಆದರೆ ಈ ಪ್ರವಾಸ ಗೆಲ್ಲುವುದೂ ಕೆಡುವುದೂ ಮನೆಯ ಊಟದ ಮೇಜಿನ ಮೇಲೆ, ಕಾಗದ-ಪೆನ್ಸಿಲ್ ಹಿಡಿದು ಕೂತಾಗ.

ಮೊದಲು ಅನ್ನದ ವಿಷಯ ಹೇಳಿಬಿಡುತ್ತೇನೆ. ಮಕ್ಕಳೇ, ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೀರಲ್ಲ? ಅದು ಸಮುದ್ರಮಟ್ಟದ ಮಾತು. ಸುಮಾರು 300 ಮೀಟರ್ ಮೇಲೇರಿದಂತೆಲ್ಲ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಲಾಂಗ್ಜಾದಲ್ಲಿ ನೀರು ಸುಮಾರು 85 ಡಿಗ್ರಿಗೇ ಕೊತಕೊತ ಎನ್ನುತ್ತದೆ. ಕುದಿಯುತ್ತದೆ, ಆದರೆ ಅಕ್ಕಿ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಬೇಳೆಯ ಮಾತಂತೂ ಎತ್ತುವ ಹಾಗಿಲ್ಲ. ಊರಿನಿಂದ ಒಯ್ದ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿಕೊಂಡಿರುತ್ತದೆ. ಎರಡಕ್ಕೂ ಕಾರಣ ಒಂದೇ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ.

ಅದೇ ಕಾರಣಕ್ಕೆ ನಮ್ಮ ಉಸಿರಿಗೂ ಕಷ್ಟ. ಲಾಂಗ್ಜಾದಲ್ಲಿ ಒಂದು ಉಸಿರು ಎಳೆದರೆ, ಮಂಗಳೂರಿನ ಕಡಲತೀರದಲ್ಲಿ ಸಿಗುವ ಆಮ್ಲಜನಕದ ಶೇ. 60 ಕೂಡ ಸಿಗುವುದಿಲ್ಲ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು. ಉಸಿರಾಟ ಹೆಚ್ಚಿಸುತ್ತದೆ, ಹೃದಯದ ಬಡಿತ ಏರಿಸುತ್ತದೆ, ದಿನ ಕಳೆದಂತೆ ಕೆಂಪು ರಕ್ತಕಣಗಳನ್ನೂ ಹೆಚ್ಚು ಮಾಡಿಕೊಳ್ಳುತ್ತದೆ. ಈ ಕೆಲಸಕ್ಕೆ ಅದು ಕೇಳುವುದು ಸಮಯ, ಮುಖ್ಯವಾಗಿ ರಾತ್ರಿಗಳು. ಹಗಲು ಎಷ್ಟು ಎತ್ತರ ಹತ್ತಿ ಇಳಿದಿರಿ ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದೇ ಇಲ್ಲಿ ದೊಡ್ಡ ಲೆಕ್ಕ.

ಮೂರು ಕಾಲಮ್ಮಿನ ಹಾಳೆ

ಆದ್ದರಿಂದ ಒಂದು ರೂಲು ಹಾಳೆ ತೆಗೆದುಕೊಳ್ಳಿ. ಮೂರು ಕಾಲಂ ಎಳೆಯಿರಿ: ತಾರೀಖು, ಆ ರಾತ್ರಿ ಮಲಗುವ ಊರು, ಆ ಊರಿನ ಎತ್ತರ. ಹಗಲು ಏನೇನು ನೋಡಬೇಕೆಂಬ ಕಾಲಂ ಸದ್ಯಕ್ಕೆ ಬೇಡ. ಕೂಡಿ ಕಳೆಯುವ ಕೆಲಸ ಮೊಮ್ಮಕ್ಕಳದು, ತಾಳೆ ನೋಡುವ ಕೆಲಸ ಅಜ್ಜ-ಅಜ್ಜಿಯದು.

ಪರ್ವತ ವೈದ್ಯರು ಹೇಳುವ ಸೂತ್ರ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಒಂದು ರಾತ್ರಿಯಿಂದ ಮತ್ತೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು.

ಈ ಸೂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಸ್ಪಿತಿಯ ಎರಡು ದಾರಿಗಳನ್ನು ನೋಡಿ. ಮನಾಲಿಯಿಂದ ಕುಂಜುಮ್ ಕಣಿವೆದಾರಿಯ ಮೂಲಕ ಹೋದರೆ ಸ್ಪಿತಿಯ ಮುಖ್ಯ ಪಟ್ಟಣ ಕಾಜಾ ಒಂದೇ ದಿನದ ಪ್ರಯಾಣ. ಮನಾಲಿ ಸುಮಾರು 2,050 ಮೀಟರ್, ಕಾಜಾ ಸುಮಾರು 3,650. ಒಂದೇ ದಿನಕ್ಕೆ 1,600 ಮೀಟರ್ ಜಿಗಿತ! ದಾರಿಯಲ್ಲಿ ದಾಟುವ ಕುಂಜುಮ್ 4,500 ಮೀಟರಿಗಿಂತ ಎತ್ತರ. ಸಂಜೆ ಕಾಜಾದಲ್ಲಿ ತಲೆ ಹಿಡಿದು ಕೂರುವವರಲ್ಲಿ ಹೆಚ್ಚಿನವರು ಈ ದಾರಿಯಲ್ಲಿ ಬಂದವರು. ಶಿಮ್ಲಾ, ಕಿನ್ನೌರ್ ಮೂಲಕ ಹೋಗುವ ದಾರಿ ಉದ್ದ, ಧೂಳು, ತಿರುವು ಜಾಸ್ತಿ. ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮಟ್ಟಿಗೆ ಇದೊಂದೇ ದಾರಿ. ವಾಪಸು ಬರುವಾಗ ಬೇಕಾದರೆ ಮನಾಲಿ ಕಡೆಯಿಂದ ಇಳಿಯಿರಿ, ಅಷ್ಟರಲ್ಲಿ ದೇಹ ಪಳಗಿರುತ್ತದೆ.

ಹಾಳೆ ತುಂಬೋಣ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಶಿಮ್ಲಾ (ಸುಮಾರು 2,200 ಮೀಟರ್) ಒಂದು ರಾತ್ರಿ. ಸಮಯವಿದ್ದವರು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ದೆಹಲಿ ಸೇರಿ, ಕಾಲ್ಕಾದಿಂದ ಪುಟಾಣಿ ರೈಲು ಹತ್ತಬಹುದು. 1903ರಲ್ಲಿ ಶುರುವಾದ ಆ 96 ಕಿಲೋಮೀಟರ್ ಹಳಿ ನೂರಕ್ಕೂ ಹೆಚ್ಚು ಸುರಂಗಗಳ ಒಳಗೆ ನುಗ್ಗಿ ಹೊರಬರುತ್ತದೆ. ಎಣಿಸುವ ಕೆಲಸ ಸಣ್ಣವರಿಗೆ ಕೊಡಿ. ಮರುದಿನ ಸರಾಹನ್, ಒಂದು ರಾತ್ರಿ. ನಂತರ ಸೇಬಿನ ತೋಟಗಳ ನಡುವಿನ ಕಲ್ಪಾ (2,960), ಎರಡು ರಾತ್ರಿ. ಸ್ವತಂತ್ರ ಭಾರತದ ಮೊದಲ ಮತದಾರ ಎನಿಸಿಕೊಂಡ ಶಾಲಾಮಾಸ್ತರು ಶ್ಯಾಮ್ ಸರಣ್ ನೇಗಿ ಇದೇ ಊರಿನವರು. ದೇಶದ ಉಳಿದ ಕಡೆ ಚುನಾವಣೆ ನಡೆಯುವ ಹೊತ್ತಿಗೆ ಇಲ್ಲಿ ಹಿಮ ಬಿದ್ದಿರುತ್ತದೆಂದು 1951ರ ಅಕ್ಟೋಬರ್‌ನಲ್ಲೇ ಇಲ್ಲಿ ಮತದಾನ ಮುಗಿಸಿದ್ದರು. ಅಕ್ಟೋಬರ್ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಲ್ಪಾದಿಂದ ತಾಬೋ (3,280), ಎರಡು ರಾತ್ರಿ. ಕ್ರಿ.ಶ. 996ರಲ್ಲಿ ಕಟ್ಟಿದ ಬೌದ್ಧವಿಹಾರ ಇಲ್ಲಿದೆ. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗೆ ಹೋದರೆ ಗೋಡೆ ತುಂಬ ಸಾವಿರ ವರ್ಷ ಹಳೆಯ ಚಿತ್ರಗಳು. ಆಮೇಲೆ ಕಾಜಾ, ಮೂರು ರಾತ್ರಿ.

‘ಮೂರು ರಾತ್ರಿಯಾ?’ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಮೂರು. ಏಕೆಂದರೆ ಮುಂದಿನ ಹಳ್ಳಿ ಲಾಂಗ್ಜಾ ಸುಮಾರು 4,400 ಮೀಟರ್. ಕಾಜಾದಿಂದ 750 ಮೀಟರ್ ನೇರ ಏರಿಕೆ. ಸೂತ್ರದ 500ಕ್ಕಿಂತ ಹೆಚ್ಚು. ನಡುವೆ ತಂಗಲು ಊರಿಲ್ಲ. ಆ ಕೊರತೆಯನ್ನು ಕಾಜಾದಲ್ಲೇ ಮೊದಲು ತುಂಬಬೇಕು. ಬಂದ ದಿನ ಏನೂ ಮಾಡಬೇಡಿ, ಬಜಾರಿನಲ್ಲಿ ನಿಧಾನಕ್ಕೆ ಓಡಾಡಿ. ಎರಡನೆಯ ದಿನ ಬೆಟ್ಟದ ತುದಿಗೆ ಗೂಡು ಕಟ್ಟಿದಂತಿರುವ ಕೀ ವಿಹಾರಕ್ಕೆ (4,166) ಹೋಗಿ ಬನ್ನಿ. ಮೂರನೆಯ ದಿನ ಗಾಡಿಯಲ್ಲಿ ಲಾಂಗ್ಜಾಕ್ಕೇ ಹೋಗಿ, ಒಂದೆರಡು ಗಂಟೆ ಇದ್ದು, ಮಲಗಲು ಕಾಜಾಕ್ಕೆ ಮರಳಿ. ಎತ್ತರಕ್ಕೆ ಹತ್ತು, ತಗ್ಗಿನಲ್ಲಿ ಮಲಗು ಎಂಬುದು ಬೆಟ್ಟ ಹತ್ತುವವರ ಹಳೆಯ ಪಾಠ. ನಾಲ್ಕನೆಯ ದಿನ ಗಂಟು ಕಟ್ಟಿಕೊಂಡು ಹೊರಡಬಹುದು.

ಲಾಂಗ್ಜಾದಲ್ಲಿ ಎರಡು ರಾತ್ರಿ. ಅಲ್ಲಿಂದ ಹಿಕ್ಕಿಂ ಹಾದು ಕೋಮಿಕ್ (4,587) ಒಂದು. ಕೋಮಿಕ್‌ನಿಂದ ಡೆಮುಲ್ (4,360) ಒಂದು. ಇದು ಇಡೀ ಚಾರಣದ ಉದ್ದದ ದಿನ. ಆರೇಳು ಗಂಟೆ ನಡಿಗೆ, ನಡುವೆ ಊರಿಲ್ಲ, ರಸ್ತೆಯಿಲ್ಲ, ಕುಡಿಯುವ ನೀರಿನ ಭರವಸೆಯಿಲ್ಲ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಈ ದಿನ ಹೊರಡಲೇಬಾರದು. ಆಮೇಲೆ ಇಳಿಜಾರು: ಲಾಲುಂಗ್ ಒಂದು, ಹಿಂದೆ ಸ್ಪಿತಿಯ ರಾಜಧಾನಿಯಾಗಿದ್ದ ಧನ್ಕರ್ (ಸುಮಾರು 3,890) ಒಂದು.

ಕೂಡಿಸಿ ನೋಡಿ. ಹದಿನೈದು ರಾತ್ರಿಯಾಯಿತು. ರಸ್ತೆ ಕುಸಿದರೆ, ಹಿಮ ಬಿದ್ದರೆ, ಯಾರಿಗಾದರೂ ಜ್ವರ ಬಂದರೆ ಎಂದು ಎರಡು ಖಾಲಿ ರಾತ್ರಿ. ಹಿಂತಿರುಗಲು ಮೂರು. ಒಟ್ಟು ಇಪ್ಪತ್ತು. ಶಾಲೆಯ ದಸರಾ ರಜೆ ಅಷ್ಟು ಉದ್ದ ಇರುವುದಿಲ್ಲ. ಈಗ ಮನೆಮಂದಿಯೆಲ್ಲ ಹಾಳೆಯ ಮೇಲೆ ಬಾಗಿ ಏನನ್ನು ಹೊಡೆದುಹಾಕಬೇಕೆಂದು ಹುಡುಕುತ್ತಾರೆ. ಕೈ ನೇರ ಕಾಜಾದ ಮೂರು ರಾತ್ರಿಗಳ ಮೇಲೆ ಹೋಗುತ್ತದೆ. ‘ಅಲ್ಲಿ ಸುಮ್ಮನೆ ಕೂತಿರುವುದು ತಾನೇ, ಒಂದು ರಾತ್ರಿ ಸಾಕು.’

ಅಲ್ಲೇ ಆ ಕೈ ಹಿಡಿಯಬೇಕು. ಹೊಡೆಯುವುದಾದರೆ ಹಳ್ಳಿಯನ್ನು ಹೊಡೆಯಿರಿ. ಡೆಮುಲ್‌ಗೆ ಗಾಡಿ ರಸ್ತೆ ಇದೆ. ಅಲ್ಲಿಗೇ ಚಾರಣ ಮುಗಿಸಿ, ಇಳಿಯುವ ದಾರಿಯಲ್ಲಿ ಧನ್ಕರ್ ನೋಡಿದರೆ ಎರಡು ರಾತ್ರಿ ಉಳಿಯಿತು. ಇನ್ನೂ ಸಾಲದಿದ್ದರೆ ಡೆಮುಲ್, ಕೋಮಿಕ್ ವಾಸ್ತವ್ಯವೂ ಬೇಡ. ಲಾಂಗ್ಜಾದಲ್ಲೇ ಮೂರು ರಾತ್ರಿ ಬಿಡಾರ ಹೂಡಿ ಹಿಕ್ಕಿಂ, ಕೋಮಿಕ್‌ಗೆ ನಡೆದು ಹೋಗಿ ಬರಬಹುದು; ಆಗ ಹದಿನೇಳು ರಾತ್ರಿಗೆ ಲೆಕ್ಕ ಮುಗಿಯುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿದ್ದರೆ ರಜೆ ಎಷ್ಟೇ ಇದ್ದರೂ ನಾನು ಈ ಮೂರನೆಯ ಹಾಳೆಯನ್ನೇ ಆರಿಸುತ್ತೇನೆ. ಕಷ್ಟ ಬಂದರೆ ಒಂದು ಗಂಟೆಯೊಳಗೆ ಗಾಡಿ ಕಾಜಾಕ್ಕೆ ಇಳಿಸುತ್ತದೆ, ಅಲ್ಲಿ ಆಸ್ಪತ್ರೆಯಿದೆ.

ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ನಮ್ಮ ಶಾಲೆಗಳ ರಜೆಯೇ ಅರ್ಧ ಉತ್ತರ ಕೊಡುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಮೇಲಿನ ಹಳ್ಳಿಗಳ ದಾರಿಯಲ್ಲಿ ಇನ್ನೂ ಹಿಮ ಇರುತ್ತದೆ, ಕುಂಜುಮ್ ಸಾಮಾನ್ಯವಾಗಿ ತೆರೆದಿರುವುದಿಲ್ಲ. ಜುಲೈ-ಆಗಸ್ಟ್‌ನಲ್ಲಿ ಸ್ಪಿತಿ ಹಸಿರು; ಮಳೆಗಾಲವನ್ನು ದಕ್ಷಿಣದ ಪರ್ವತಸಾಲು ತಡೆಯುವುದರಿಂದ ಅಲ್ಲಿ ಮಳೆ ಕಡಿಮೆ. ಆದರೆ ಅಲ್ಲಿಗೆ ಹೋಗುವ ಕಿನ್ನೌರ್ ರಸ್ತೆಯಲ್ಲಿ ಗುಡ್ಡ ಜರಿಯುವ ಕಾಲ ಅದು. ಉಳಿದದ್ದು ದಸರಾ. ಕೊಯ್ಲು ಮುಗಿದಿರುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ, ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗಿನ ಚಳಿ. ಹಿಮವೂ ಮುಂಚೆಯೇ ಬರಬಹುದು. 2018ರ ಸೆಪ್ಟೆಂಬರ್‌ನಲ್ಲಿ ಲಾಹೌಲ್-ಸ್ಪಿತಿಯಲ್ಲಿ ಅಕಾಲಿಕವಾಗಿ ಹಿಮ ಸುರಿದು ನೂರಾರು ಜನ ಸಿಕ್ಕಿಹಾಕಿಕೊಂಡಿದ್ದರು. ಹಾಳೆಯ ಆ ಎರಡು ಖಾಲಿ ರಾತ್ರಿಗಳು ಇರುವುದು ಇದಕ್ಕೇ.

ಸಂಜೆ ಆರರ ಪ್ರಶ್ನೆಗಳು

ಚಾಮುಂಡಿ ಬೆಟ್ಟದ 1,008 ಮೆಟ್ಟಿಲುಗಳನ್ನು ಓಡಿ ಹತ್ತುವ ಹುಡುಗನಿಗೆ ಏನೂ ಆಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಹೊರಡುವ ಮೂರು ತಿಂಗಳು ಮೊದಲಿನಿಂದ ನಡೆದು, ಮೆಟ್ಟಿಲು ಹತ್ತಿ ಕಾಲು ಗಟ್ಟಿ ಮಾಡಿಕೊಳ್ಳಿ. ಹೊಸ ಬೂಟನ್ನು ಇಲ್ಲೇ ಹಾಕಿ ಪಳಗಿಸಿ. ಆದರೆ ಎತ್ತರದ ಕಾಯಿಲೆಗೆ ಗಟ್ಟಿಕಾಲು ಮದ್ದಲ್ಲ. ಚುರುಕಿನವರು ಬೇಗ ಬೇಗ ಏರಿಬಿಡುವುದರಿಂದ ಒಮ್ಮೊಮ್ಮೆ ಅವರೇ ಮೊದಲು ಮಲಗುತ್ತಾರೆ.

ಅದರ ಗುರುತುಗಳು: ತಲೆನೋವು, ಊಟ ಸೇರದಿರುವುದು, ವಾಕರಿಕೆ, ವಿಪರೀತ ಸುಸ್ತು, ತಲೆಸುತ್ತು, ನಿದ್ದೆ ಬಾರದಿರುವುದು. ಸಣ್ಣ ಮಕ್ಕಳಿಗೆ ಹೇಳಿಕೊಳ್ಳಲು ಬರುವುದಿಲ್ಲ. ಸುಮ್ಮನೆ ರಚ್ಚೆ ಹಿಡಿಯುತ್ತಾರೆ, ಆಡುವುದು ಬಿಡುತ್ತಾರೆ. ಮೇಲೆ ಹೋದ ಮೇಲೆ ಇಂಥ ಯಾವ ಗುರುತು ಕಂಡರೂ ಬೇರೆ ಕಾರಣ ಖಚಿತವಾಗುವವರೆಗೆ ಅದು ಎತ್ತರದ್ದೇ ಎಂದು ತಿಳಿಯಬೇಕು. ಅಂದು ಮೇಲೇರಬಾರದು. ವಿಶ್ರಾಂತಿ, ಬೇಕಾದಷ್ಟು ನೀರು, ಹಗುರ ಊಟ. ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಒಂದು ನಿಮಿಷವೂ ಕಾಯುವಂತಿಲ್ಲ. ನಡುರಾತ್ರಿಯಾದರೂ ಸರಿ, ಇಳಿಯಬೇಕು. ಹಾಗಾಗಿ ಪ್ರತಿ ಊರಿಗೆ ಹೋದ ಕೂಡಲೇ ಗಾಡಿ ಯಾರ ಬಳಿ ಇದೆ ಎಂದು ವಿಚಾರಿಸಿ, ಮಾತಾಡಿಟ್ಟುಕೊಳ್ಳಿ.

ಒಂದು ನೋಟ್‌ಬುಕ್ ಇಡಿ. ದಿನಾ ಸಂಜೆ ಆರು ಗಂಟೆಗೆ ಮನೆಯ ಚಿಕ್ಕ ಸದಸ್ಯ ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಳ್ಳಲಿ: ತಲೆ ನೋಯುತ್ತಿದೆಯಾ? ಊಟ ಸೇರಿತಾ? ತಲೆ ಸುತ್ತುತ್ತಿದೆಯಾ? ನಿನ್ನೆ ನಿದ್ದೆ ಬಂತಾ? ಆಮೇಲೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಎಲ್ಲರನ್ನೂ ನಡೆಸಲಿ. ನೋಡಲು ಆಟ, ಆದರೆ ಮಿದುಳಿಗೆ ಬಾವು ಬಂದಿದೆಯೇ ಎಂದು ತಿಳಿಯಲು ವೈದ್ಯರೂ ಇದನ್ನೇ ಮಾಡಿಸುತ್ತಾರೆ.

ಇದಕ್ಕಿಂತ ಮುಖ್ಯವಾದ ಒಂದು ಮಾತು ಹೊರಡುವ ಮೊದಲೇ ಆಗಬೇಕು. ತಲೆನೋವು ಎಂದು ಹೇಳಿದರೆ ಎಲ್ಲರ ಪ್ರವಾಸ ನನ್ನಿಂದ ಕೆಡುತ್ತದೆಂದು ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಪ್ಪಂದಿರಂತೂ ಇನ್ನೂ ಹೆಚ್ಚು ಮುಚ್ಚಿಡುತ್ತಾರೆ. ‘ಏನಿಲ್ಲ, ಬಿಸಿಲಿಗೆ ಹೀಗಾಯ್ತು’ ಎನ್ನುವುದು ಅವರ ಮಾಮೂಲು ಮಾತು. ಯಾರು ಹೇಳಿದರೂ ಬೈಯುವುದಿಲ್ಲ, ಗೇಲಿ ಮಾಡುವುದಿಲ್ಲ, ವಾಪಸು ಬರಬೇಕಾದರೆ ಎಲ್ಲರೂ ಮುಖ ಗಂಟಿಕ್ಕದೆ ಬರುತ್ತೇವೆ ಎಂದು ಮನೆಯಲ್ಲೇ ಒಪ್ಪಂದವಾಗಲಿ. ಇದನ್ನು ಅಜ್ಜ ಅಥವಾ ಅಜ್ಜಿ ಎಲ್ಲರ ಎದುರು ಹೇಳಿದರೆ ತೂಕ ಹೆಚ್ಚು.

ಅಸೆಟಜೋಲಮೈಡ್ ಎಂಬ ಮಾತ್ರೆಯ ಹೆಸರು ಕೇಳಿರಬಹುದು. ದೇಹ ಹೊಂದಿಕೊಳ್ಳಲು ಅದು ನೆರವಾಗುತ್ತದೆ ನಿಜ. ವೈದ್ಯರು ಹೇಳಿದರೆ, ಹೇಳಿದಷ್ಟೇ ತೆಗೆದುಕೊಳ್ಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ನಿದ್ದೆ ಮಾತ್ರೆ ಮಾತ್ರ ಮೇಲೆ ಬೇಡವೇ ಬೇಡ, ಅದು ಉಸಿರಾಟವನ್ನು ಇನ್ನಷ್ಟು ತಗ್ಗಿಸುತ್ತದೆ.

ಅಜ್ಜ-ಅಜ್ಜಿ ಬರಬಹುದೇ? ಹೃದಯ, ಶ್ವಾಸಕೋಶದ ತೊಂದರೆ ಇದ್ದವರು, ಬಿ.ಪಿ. ಹತೋಟಿಯಲ್ಲಿಲ್ಲದವರು ವೈದ್ಯರು ಬೇಡವೆಂದರೆ ವಾದಿಸಬೇಡಿ. ಗಟ್ಟಿಮುಟ್ಟಾಗಿರುವವರು ಕಲ್ಪಾ, ತಾಬೋವರೆಗೆ ನಿಧಾನವಾಗಿ ಬರಬಹುದು. ಮಕ್ಕಳು ಮೇಲೆ ನಡೆಯುವಷ್ಟು ದಿನ ತಾಬೋದ ಬಿಸಿಲಿನಲ್ಲಿ ಕೂತು, ವಿಹಾರದ ಚಿತ್ರ ನೋಡುತ್ತ ಇರುವುದೇನು ಕಡಿಮೆ ಯಾತ್ರೆಯೇ? ಒಬ್ಬರನ್ನೇ ಬಿಡದೆ ಮನೆಯ ಇನ್ನೊಬ್ಬರು ಜೊತೆಗಿರಲಿ.

ಆ ಮನೆಗಳೊಳಗೆ

ಗಂಟು ಕಟ್ಟುವ ವಿಚಾರ ಬೇಗ ಮುಗಿಸುತ್ತೇನೆ. ಒಂದು ದಪ್ಪ ಕೋಟಿಗಿಂತ ಮೂರು ತೆಳುವಾದ ಪದರ ಒಳ್ಳೆಯದು. ಉಣ್ಣೆಯ ಕಾಲುಚೀಲ, ಮಂಕಿ ಕ್ಯಾಪ್, ಕಪ್ಪು ಕನ್ನಡಕ, ಬಿಸಿಲಿಗೆ ಹಚ್ಚುವ ಕ್ರೀಮು, ಟಾರ್ಚು, ಓಆರ್‌ಎಸ್. ಅಲ್ಲಿನ ಬಿಸಿಲು ತಣ್ಣಗೆ ಸುಡುತ್ತದೆ. ಸಾಕಷ್ಟು ನಗದು ಹಣವಿರಲಿ. ಕಾಜಾದಲ್ಲಿ ಎಟಿಎಂ ಇದೆ, ಆದರೆ ಯಂತ್ರವನ್ನು ನಂಬಿ ಹೋಗಬೇಡಿ. ಭಾರತೀಯರಿಗೆ ಈ ದಾರಿಗೆ ಪರವಾನಗಿ ಬೇಡ, ಗುರುತಿನ ಚೀಟಿ ಸಾಕು.

ತಿಂಡಿಗೆ ಅವಲಕ್ಕಿ, ಚಿಕ್ಕಿ, ಚಟ್ನಿಪುಡಿ. ಹುರಿಹಿಟ್ಟಂತೂ ಮರೆಯಬೇಡಿ, ಏಕೆಂದರೆ ಅದು ಅಲ್ಲಿಯವರಿಗೂ ನೆಂಟ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟಿಗೆ ಅವರು ತ್ಸಂಪಾ ಎನ್ನುತ್ತಾರೆ. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ಮೊದಲೇ ಹುರಿದ ಹಿಟ್ಟಾದ್ದರಿಂದ 85 ಡಿಗ್ರಿಯ ನೀರಿನ ಹಂಗು ಅದಕ್ಕಿಲ್ಲ. ನಮ್ಮ ಅಜ್ಜಿಯಂದಿರು ರಾಗಿ ಹುರಿಹಿಟ್ಟು ಕಲಸಿದ ಹಾಗೆಯೇ.

ಮನೆಗಳು ಮಣ್ಣಿನ ಇಟ್ಟಿಗೆಯವು, ಚಪ್ಪಟೆ ಮಾಡಿನವು. ಮಾಡಿನ ಮೇಲೆ ಚಳಿಗಾಲಕ್ಕೆ ಸೌದೆ, ಹುಲ್ಲು ಒಟ್ಟಿರುತ್ತಾರೆ. ಡೆಮುಲ್‌ನಲ್ಲಿ ಅತಿಥಿಗಳನ್ನು ಸರದಿಯ ಮೇಲೆ ಮನೆಗಳಿಗೆ ಹಂಚುತ್ತಾರೆ, ಸಂಪಾದನೆ ಒಂದೇ ಮನೆಗೆ ಹೋಗದಿರಲೆಂದು. ಆದ್ದರಿಂದ ‘ನಮಗೆ ಆ ಚೆಂದದ ಮನೆಯೇ ಬೇಕು’ ಎಂದು ಹಟ ಹಿಡಿಯುವಂತಿಲ್ಲ. ಶೌಚಾಲಯ ಒಣ ಪದ್ಧತಿಯದು: ನೀರು ಸುರಿಯಬಾರದು, ಒಂದು ಸಲಿಕೆ ಮಣ್ಣೋ ಬೂದಿಯೋ ಹಾಕಿ ಬರಬೇಕು. ಮಕ್ಕಳು ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತಾರೆ. ಆ ಗೊಬ್ಬರವೇ ಬಾರ್ಲಿ ಹೊಲಕ್ಕೆ ಹೋಗುತ್ತದೆ ಎಂದು ಮೊದಲೇ ಹೇಳಿ ಕರೆದೊಯ್ಯಿರಿ. ನೀರು ಹಿಮ ಕರಗಿ ಕಾಲುವೆಯಲ್ಲಿ ಬರುವಷ್ಟೇ. ದಿನಾ ಸ್ನಾನದ ಆಸೆ ಕಾಜಾದಲ್ಲೇ ಬಿಟ್ಟು ಹೋಗಿ.

ಎದುರಾದವರಿಗೆ ‘ಜುಲೇ’ ಎನ್ನಿ. ನಮಸ್ಕಾರ, ಧನ್ಯವಾದ ಎರಡೂ ಅದರಲ್ಲೇ ಬಂತು. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲಿನ ಗೋಡೆ, ಸ್ತೂಪ ಸಿಕ್ಕರೆ ನಾವು ಗುಡಿಯಲ್ಲಿ ಪ್ರದಕ್ಷಿಣೆ ಬರುವಂತೆಯೇ, ಅದು ನಮ್ಮ ಬಲಗೈಗೆ ಇರುವಂತೆ ಹಾದುಹೋಗಬೇಕು.

ಲಾಂಗ್ಜಾದ ಮಣ್ಣಿನಲ್ಲಿ ಸುರುಳಿ ಸುರುಳಿಯಾದ ಕಲ್ಲುಗಳು ಸಿಗುತ್ತವೆ. ಹಿಮಾಲಯ ಹುಟ್ಟುವ ಮುನ್ನ ಅಲ್ಲಿದ್ದ ಟೆಥಿಸ್ ಸಮುದ್ರದ ಅಮೋನೈಟ್ ಜೀವಿಗಳ ಪಳೆಯುಳಿಕೆಗಳವು. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದ್ದರೆ ಹೊರಡುವ ಮುನ್ನ ಮಕ್ಕಳಿಗೆ ತೋರಿಸಿ. ನೇಪಾಳದ ಗಂಡಕಿಯ ಸಾಲಿಗ್ರಾಮದೊಳಗಿನ ಚಕ್ರವೂ ಅದೇ ಸಮುದ್ರದ ಅದೇ ಜಾತಿಯ ಜೀವಿ. ಕಲ್ಲನ್ನು ಮುಟ್ಟಿ ನೋಡಿ, ಚಿತ್ರ ಬರೆದುಕೊಳ್ಳಿ, ಅಲ್ಲೇ ಬಿಟ್ಟು ಬನ್ನಿ. ಯಾರಾದರೂ ಮಾರಲು ತಂದರೂ ಕೊಳ್ಳಬೇಡಿ.

ಊರಿನಲ್ಲಿ ಉಳಿಯುವ ಅಜ್ಜ-ಅಜ್ಜಿಗೆ ಹಾಳೆಯ ಒಂದು ಪ್ರತಿ ಕೊಟ್ಟು ಹೋಗಿ. ಕಾಜಾದಲ್ಲಿ ಫೋನು ಹಿಡಿಯುತ್ತದೆ, ಮೇಲಿನ ಹಳ್ಳಿಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಫೋನು ಬರುವುದಿಲ್ಲ ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಆಗ ಆ ನಾಲ್ಕೈದು ದಿನ ಇಲ್ಲಿರುವವರು ಗಾಬರಿಯಾಗುವುದಿಲ್ಲ. ಗುರುತಿನ ಆಚೆಗೂ ಸುದ್ದಿ ಬರದಿದ್ದರೆ ಯಾರಿಗೆ ಫೋನು ಮಾಡಬೇಕು ಎಂಬ ನಂಬರು ಕೆಳಗೆ ಇರಲಿ.

ಜೊತೆಗೆ ಒಂದು ಕಟ್ಟು ಅಂಚೆ ಕಾರ್ಡು ಒಯ್ಯಿರಿ. ಹಿಕ್ಕಿಂನ ಪಿನ್‌ಕೋಡ್ 172114. ಅಲ್ಲಿ ಮುದ್ರೆ ಬಿದ್ದ ಕಾರ್ಡು ಮೊದಲು ಕಾಜಾಕ್ಕೆ ಇಳಿದು, ಆಮೇಲೆ ಕಣಿವೆ ದಾಟಿ ಬರಬೇಕು. ನೀವು ಮನೆ ಸೇರಿದ ಎಷ್ಟೋ ದಿನಗಳ ನಂತರ ಅದು ಬಂದರೆ ಆಶ್ಚರ್ಯವಿಲ್ಲ. ವಿಳಾಸವನ್ನು ಇಲ್ಲೇ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟುಕೊಂಡು ಹೋಗಿ. ಮೇಲಿನ ಚಳಿಯಲ್ಲಿ ಕೈಬೆರಳು ಮರಗಟ್ಟಿದಾಗ ನಾಲ್ಕು ಸಾಲು ಬರೆಯುವುದೇ ಹೆಚ್ಚು.